ಸಂಜೆ ಎಂಟರ ಕಹಳೆ

ಬೆಲ್ಜಿಯಂ ದೇಶದ ಪಶ್ಚಿಮ ಮೂಲೆಯಲ್ಲಿ ಈಪರ್ ಎಂಬ ಪಟ್ಟಣವಿದೆ. ಅಲ್ಲಿ ಪ್ರತಿದಿನ ಸಂಜೆ ಎಂಟಕ್ಕೆ ಮುಂಚೆ ಪೊಲೀಸರು ಬಂದು ಒಂದು ರಸ್ತೆಯಲ್ಲಿ ವಾಹನಗಳನ್ನು ತಡೆಯುತ್ತಾರೆ. ಸರಿಯಾಗಿ ಎಂಟಕ್ಕೆ, ಆ ರಸ್ತೆಗೆ ಅಡ್ಡಲಾಗಿ ಕಟ್ಟಿರುವ ದೊಡ್ಡ ಕಮಾನಿನ ಕೆಳಗೆ ಕೆಲವರು ಸಾಲಾಗಿ ನಿಂತು ಕಹಳೆ ಊದುತ್ತಾರೆ. ಆಮೇಲೆ ಒಂದು ನಿಮಿಷ ಮೌನ. ಮತ್ತೊಮ್ಮೆ ಕಹಳೆ. ಅಲ್ಲಿಗೆ ಮುಗಿಯಿತು. ಪೊಲೀಸರು ದಾರಿ ಬಿಡುತ್ತಾರೆ, ಕಾರುಗಳು, ಸೈಕಲ್‌ಗಳು ಎಂದಿನಂತೆ ಓಡಾಡತೊಡಗುತ್ತವೆ.

ಈ ಪದ್ಧತಿ ಆರಂಭವಾದದ್ದು 1928ರ ಜುಲೈನಲ್ಲಿ. ಮೊದಲ ವರ್ಷದ ಚಳಿಗಾಲದಲ್ಲಿ ಕೆಲವು ತಿಂಗಳು ನಿಂತಿತ್ತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಊರನ್ನು ಹಿಡಿದಾಗ ನಾಲ್ಕು ವರ್ಷ ನಿಂತಿತ್ತು. ಅದು ಬಿಟ್ಟರೆ ಮಳೆ, ಹಿಮ, ಹಬ್ಬ, ಚುನಾವಣೆ ಯಾವುದಕ್ಕೂ ತಪ್ಪಿದ್ದಿಲ್ಲ. 2015ರ ಜುಲೈ 9ರಂದು ಇದು 30,000ನೇ ಬಾರಿ ನಡೆಯಿತು. ಕೋವಿಡ್ ಕಾಲದಲ್ಲಿ ಜನ ಸೇರುವಂತಿರಲಿಲ್ಲ. ಆಗ ಜನರಿಲ್ಲದೆಯೇ ಕಹಳೆ ಮೊಳಗಿತು.

ಹುತಾತ್ಮರ ಸ್ಮರಣೆ ಎಂದರೆ ನಮಗೆ ವರ್ಷಕ್ಕೊಮ್ಮೆ ಬರುವ ದಿನಾಚರಣೆ. ಶಾಮಿಯಾನ, ಗಣ್ಯರು, ಭಾಷಣ, ಮರುದಿನದ ಪತ್ರಿಕೆಯಲ್ಲಿ ಒಂದು ಚಿತ್ರ. ಆದರೆ ಸುಮಾರು 35 ಸಾವಿರ ಜನಸಂಖ್ಯೆಯ ಒಂದು ಊರು ಮೂರು ತಲೆಮಾರುಗಳಿಂದ ದಿನವೂ ಈ ಕೆಲಸವನ್ನು ಮಾಡಿಕೊಂಡು ಬಂದಿದೆ ಎಂದರೆ ಏನು ಕಾರಣ? ಅವರು ನೆನೆಯುತ್ತಿರುವುದು ಯಾರನ್ನು? ಈ ಎರಡನೆಯ ಪ್ರಶ್ನೆಯ ಉತ್ತರವನ್ನು ಹುಡುಕುತ್ತ ಹೋದರೆ ಅದು ನಮ್ಮ ದೇಶದವರೆಗೂ ಬಂದು ಮುಟ್ಟುತ್ತದೆ.

ಬಟ್ಟೆಯ ಊರು ಬೂದಿಯಾದದ್ದು

ಈಪರ್ ಮಧ್ಯಯುಗದಲ್ಲಿ ಉಣ್ಣೆ ಬಟ್ಟೆಯ ವ್ಯಾಪಾರಕ್ಕೆ ಯೂರೋಪಿನಲ್ಲೆಲ್ಲ ಹೆಸರಾಗಿದ್ದ ಊರು. ಇಂಗ್ಲೆಂಡಿನಿಂದ ಉಣ್ಣೆ ತರಿಸಿ, ನೇಯ್ದು, ದೂರದೂರಕ್ಕೆ ಮಾರುತ್ತಿದ್ದರು. ಆ ಸಂಪತ್ತಿನಿಂದ 13ನೇ ಶತಮಾನದಲ್ಲಿ ಕಟ್ಟಿದ ಬೃಹತ್ ಬಟ್ಟೆ ಮಾರುಕಟ್ಟೆಯ ಭವನ ಇಂದಿಗೂ ಊರ ನಡುವೆ ಇದೆ. ಆದರೆ ಇಂದು ಕಾಣುವುದು ಹಳೆಯದರ ಅಚ್ಚಿನಂತೆ ಮತ್ತೆ ಕಟ್ಟಿದ್ದು. ಮೂಲ ಕಟ್ಟಡ ಮೊದಲ ಮಹಾಯುದ್ಧದಲ್ಲಿ ನೆಲಸಮವಾಯಿತು. ಅದರೊಂದಿಗೆ ಇಡೀ ಊರೇ ಹೋಯಿತು.

1914ರ ಆಗಸ್ಟ್‌ನಲ್ಲಿ ಜರ್ಮನಿಯ ಸೈನ್ಯ ಬೆಲ್ಜಿಯಂ ಒಳಗೆ ನುಗ್ಗಿತು. ಅಕ್ಟೋಬರ್ ವೇಳೆಗೆ ಆ ದೇಶದಲ್ಲಿ ಶತ್ರುವಿನ ಕೈಗೆ ಸಿಗದೆ ಉಳಿದಿದ್ದು ಪಶ್ಚಿಮದ ಒಂದು ಚೂರು ಮಾತ್ರ. ಇಂಗ್ಲಿಷ್ ಕಡಲ್ಗಾಲುವೆಯ ಬಂದರುಗಳಿಗೆ ಹೋಗುವ ದಾರಿಯಲ್ಲಿದ್ದ ಈಪರ್ ಆ ಚೂರಿನ ಬಾಗಿಲಿನಂತಿತ್ತು. ಬ್ರಿಟಿಷರು ಮತ್ತು ಅವರ ಮಿತ್ರರು ಊರನ್ನು ಬಿಟ್ಟುಕೊಡದೆ ನಿಂತರು. ಮೂರು ದಿಕ್ಕಿನ ದಿಬ್ಬಗಳ ಮೇಲೆ ಜರ್ಮನರು, ಕೆಳಗಿನ ತಗ್ಗಿನಲ್ಲಿ ಇವರು. ದಿಬ್ಬ ಎಂದರೆ ನಮ್ಮ ಮಲೆನಾಡಿನ ಗುಡ್ಡಗಳಂತಲ್ಲ. ಬಯಲಿನಲ್ಲಿ ಸ್ವಲ್ಪ ಎದ್ದು ಕಾಣುವ ಏರು. ಆ ಏರಿಗಾಗಿ ನಾಲ್ಕು ವರ್ಷ ಲಕ್ಷಾಂತರ ಜನ ಸತ್ತರು.

1915ರ ಏಪ್ರಿಲ್ 22ರಂದು ಜರ್ಮನರು ಇಲ್ಲಿಯೇ ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಕ್ಲೋರಿನ್ ವಿಷಾನಿಲವನ್ನು ಗಾಳಿಗೆ ಬಿಟ್ಟರು. 1917ರ ಜುಲೈ 31ರಿಂದ ನವೆಂಬರ್ 10ರವರೆಗೆ ನಡೆದ ಪಾಶೆಂಡೇಲ್ ಕದನದಲ್ಲಿ ಫಿರಂಗಿ ದಾಳಿಗೆ ಹೊಲಗಳ ನೀರುಗಾಲುವೆಗಳೆಲ್ಲ ಒಡೆದುಹೋದವು. ಮೇಲೆ ಎಡೆಬಿಡದ ಮಳೆ. ಗಾಯಗೊಂಡ ಸೈನಿಕರು, ಕುದುರೆಗಳು ಕೆಸರಿನಲ್ಲಿ ಮುಳುಗಿ ಸತ್ತ ಕದನವದು. ಸತ್ತವರಲ್ಲಿ ಎಷ್ಟೋ ಮಂದಿಯ ದೇಹ ಸಿಗಲೇ ಇಲ್ಲ. ಸಿಕ್ಕಿದರೂ ಯಾರದೆಂದು ಗುರುತಿಸುವಂತಿರಲಿಲ್ಲ.

ಹೆಸರುಗಳ ಗೋಡೆ

ಯುದ್ಧ ಮುಗಿದಾಗ ಊರು ಕಲ್ಲಿನ ರಾಶಿಯಾಗಿತ್ತು. ಆ ಅವಶೇಷಗಳನ್ನು ಹಾಗೆಯೇ ಉಳಿಸಿ ಸ್ಮಾರಕ ಮಾಡಬೇಕು ಎಂದು 1919ರಲ್ಲಿ ಬ್ರಿಟಿಷ್ ಸಚಿವರಾಗಿದ್ದ ವಿನ್‌ಸ್ಟನ್ ಚರ್ಚಿಲ್ ಸೂಚಿಸಿದರು. ಆದರೆ ಊರಿನವರು ಒಪ್ಪಲಿಲ್ಲ. ಅವರಿಗೆ ಬೇಕಾಗಿದ್ದದ್ದು ಮನೆ. ಗುಳೆ ಹೋಗಿದ್ದವರು ಒಬ್ಬೊಬ್ಬರಾಗಿ ಮರಳಿ ಬಂದು ಹಳೆಯ ಊರನ್ನು ಹಳೆಯ ರೂಪದಲ್ಲಿಯೇ ಕಟ್ಟತೊಡಗಿದರು. ಬ್ರಿಟಿಷರ ಸ್ಮಾರಕಕ್ಕೆ ಸಿಕ್ಕಿದ್ದು ಊರಿನ ಪೂರ್ವದ ಕೋಟೆಗೋಡೆಯಲ್ಲಿ ಒಂದು ಜಾಗ. ಅದರ ಹೆಸರು ಮೆನಿನ್ ದ್ವಾರ.

ದ್ವಾರ ಎಂಬುದು ಹೆಸರಿಗೆ ಮಾತ್ರ. ಯುದ್ಧ ಕಾಲದಲ್ಲಿ ಅಲ್ಲಿ ಬಾಗಿಲಾಗಲಿ ಕಮಾನಾಗಲಿ ಇರಲಿಲ್ಲ. ಕೋಟೆಗೋಡೆಯ ನಡುವೆ ರಸ್ತೆ ಹೋಗಲು ಬಿಟ್ಟ ಒಂದು ತೆರವು, ಎರಡು ಬದಿಗೆ ಎರಡು ಕಲ್ಲಿನ ಸಿಂಹ. ಆ ತೆರವನ್ನು ದಾಟಿ ಪೂರ್ವಕ್ಕೆ ಹೋದರೆ ಕಂದಕಗಳು. ಅದನ್ನು ದಾಟಿ ಹೋದ ಸಾವಿರಾರು ಸೈನಿಕರು ಮತ್ತೆ ಇತ್ತ ಬರಲಿಲ್ಲ. ಆ ಸಿಂಹಗಳನ್ನು 1936ರಲ್ಲಿ ಊರಿನವರು ಆಸ್ಟ್ರೇಲಿಯಾಕ್ಕೆ ಕಾಣಿಕೆಯಾಗಿ ಕೊಟ್ಟರು. ಅವು ಈಗ ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿವೆ.

ವಾಸ್ತುಶಿಲ್ಪಿ ರೆಜಿನಾಲ್ಡ್ ಬ್ಲೂಮ್‌ಫೀಲ್ಡ್ ರಚಿಸಿದ ಕಮಾನು 1927ರ ಜುಲೈ 24ರಂದು ಉದ್ಘಾಟನೆಯಾಯಿತು. ಒಳಗೆ ಹೋದರೆ ಎರಡೂ ಗೋಡೆಗಳ ಮೇಲೆ, ಮೆಟ್ಟಿಲುಗಳ ಪಕ್ಕದಲ್ಲಿ, ಮೇಲಿನ ಮೊಗಸಾಲೆಗಳಲ್ಲಿ ಎಲ್ಲೆಲ್ಲೂ ಹೆಸರುಗಳು. ಒಟ್ಟು 54 ಸಾವಿರಕ್ಕೂ ಹೆಚ್ಚು. ಇವರೆಲ್ಲ ಸಮಾಧಿ ಎಲ್ಲಿದೆ ಎಂದು ಗೊತ್ತಿಲ್ಲದವರು. ಇಷ್ಟು ದೊಡ್ಡ ಕಟ್ಟಡವೂ ಸಾಲದೆ, 1917ರ ಆಗಸ್ಟ್ ಮಧ್ಯದ ನಂತರ ಕಾಣೆಯಾದ ಬ್ರಿಟನ್ನಿನ ಸುಮಾರು 35 ಸಾವಿರ ಮಂದಿಯ ಹೆಸರುಗಳನ್ನು ಹತ್ತಿರದ ಟೈನ್ ಕಾಟ್ ಸ್ಮಶಾನದ ಗೋಡೆಯಲ್ಲಿ ಕೆತ್ತಬೇಕಾಯಿತು.

ಈ ಗೋಡೆಗೆ ಒಂದು ನಿಯಮವಿದೆ. ಇಂದಿಗೂ ಹೊಲ ಉಳುವಾಗ, ಪಾಯ ತೋಡುವಾಗ ಇಲ್ಲಿ ಅಸ್ಥಿಗಳು ಸಿಗುತ್ತವೆ. ಅವು ಯಾರದೆಂದು ಖಚಿತವಾದರೆ ಆ ಸೈನಿಕನಿಗೆ ಸ್ಮಶಾನದಲ್ಲಿ ಅವನದೇ ಹೆಸರಿನ ಕಲ್ಲು ನೆಡುತ್ತಾರೆ; ಕಾಲಕ್ರಮದಲ್ಲಿ ಗೋಡೆಯಿಂದ ಅವನ ಹೆಸರನ್ನು ತೆಗೆಯುತ್ತಾರೆ. ಅವನು ಈಗ ಕಾಣೆಯಾದವನಲ್ಲ, ಸಿಕ್ಕಿದವನು ಎಂಬುದು ಅದರ ಅರ್ಥ.

ಸರ್ಕಾರದ್ದಲ್ಲ, ಊರಿನವರದು

ಸಂಜೆಯ ಕಹಳೆ ಬ್ರಿಟಿಷ್ ಸರ್ಕಾರದ ಯೋಜನೆಯಲ್ಲ, ಬೆಲ್ಜಿಯಂ ಸರ್ಕಾರದ್ದೂ ಅಲ್ಲ. ಅದನ್ನು ಆರಂಭಿಸಿದವರು ಈಪರ್‌ನ ಪೊಲೀಸ್ ಅಧಿಕಾರಿ ಪಿಯೆರ್ ವಾಂಡೆನ್‌ಬ್ರಾಂಬುಶ್. ನಮ್ಮ ಊರನ್ನು ಕಾಯಲು ಹೋಗಿ ಸತ್ತವರಿಗೆ ಊರಿನವರೇ ಕೃತಜ್ಞತೆ ಹೇಳಬೇಕು ಎಂಬುದು ಅವರ ವಿಚಾರವಾಗಿತ್ತು. ಕಹಳೆ ಊದಲು ಅವರು ಆರಿಸಿಕೊಂಡದ್ದು ಸ್ಥಳೀಯ ಅಗ್ನಿಶಾಮಕ ದಳದ ಸ್ವಯಂಸೇವಕರನ್ನು. ಇಂದಿಗೂ ಆ ದಳದ ನಂಟಿನವರೇ ಊದುತ್ತಾರೆ. ಇದನ್ನು ನಡೆಸಲು ಊರಿನವರದೇ ಒಂದು ಸಂಘವಿದೆ.

ಅವರು ನುಡಿಸುವ ‘ಲಾಸ್ಟ್ ಪೋಸ್ಟ್’ ಶೋಕಗೀತೆ ಎಂದು ಹುಟ್ಟಿದ್ದಲ್ಲ. ಬ್ರಿಟಿಷ್ ಸೈನ್ಯದ ಬಿಡಾರಗಳಲ್ಲಿ ರಾತ್ರಿ ಕಾವಲಿನ ಠಾಣೆಗಳನ್ನೆಲ್ಲ ಒಂದೊಂದಾಗಿ ನೋಡಿ ಬಂದು, ಕೊನೆಯ ಠಾಣೆಯೂ ಸರಿಯಾಗಿದೆ, ಇಂದಿನ ದಿನ ಮುಗಿಯಿತು ಎಂದು ತಿಳಿಸಲು ಊದುತ್ತಿದ್ದ ಕಹಳೆ ಅದು. ಕ್ರಮೇಣ ಸೈನಿಕರ ಅಂತ್ಯಕ್ರಿಯೆಯಲ್ಲಿ ಬಳಕೆಗೆ ಬಂತು. ಅವನ ದಿನದ ಕೆಲಸ ಮುಗಿಯಿತು, ಇನ್ನು ಮಲಗಲಿ ಎಂಬ ಅರ್ಥ ಅದಕ್ಕೆ ಸೇರಿಕೊಂಡಿತು. ಮೌನದ ನಂತರ ಊದುವ ‘ರೆವೆಲ್ಲಿ’ ಬೆಳಗ್ಗೆ ಸೈನಿಕರನ್ನು ಎಬ್ಬಿಸುವ ಕಹಳೆ. ನಮ್ಮ ಸೈನ್ಯದಲ್ಲಿಯೂ ಹುತಾತ್ಮರ ಅಂತ್ಯಸಂಸ್ಕಾರದಲ್ಲಿ ಇವೆರಡೂ ಕೇಳಿಬರುತ್ತವೆ.

1940ರ ಮೇ ತಿಂಗಳಲ್ಲಿ ಜರ್ಮನ್ ಸೈನ್ಯ ಬಂದಾಗ ಕಹಳೆ ನಿಂತಿತು. ಆ ನಾಲ್ಕು ವರ್ಷ ಅದನ್ನು ಇಂಗ್ಲೆಂಡಿನ ಬ್ರುಕ್‌ವುಡ್ ಸೈನಿಕ ಸ್ಮಶಾನದಲ್ಲಿ ಮುಂದುವರಿಸಿದರು. 1944ರ ಸೆಪ್ಟೆಂಬರ್ 6ರಂದು ಪೋಲೆಂಡಿನ ಸೈನ್ಯ ಈಪರ್ ಅನ್ನು ಬಿಡುಗಡೆ ಮಾಡಿತು. ಊರಿನ ಬೇರೆ ಭಾಗಗಳಲ್ಲಿ ಇನ್ನೂ ಗುಂಡಿನ ಸದ್ದು ಕೇಳುತ್ತಿದ್ದಂತೆಯೇ ಅಂದು ಸಂಜೆ ಮೆನಿನ್ ದ್ವಾರದಲ್ಲಿ ಕಹಳೆ ಮತ್ತೆ ಮೊಳಗಿತು ಎಂದು ಊರಿನವರು ಇಂದಿಗೂ ಹೇಳುತ್ತಾರೆ.

ಕಂಡದ್ದು ಇಷ್ಟು

ಬ್ರಸೆಲ್ಸ್‌ನಿಂದ ಈಪರ್‌ಗೆ ರೈಲಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ನಾನು ಅಲ್ಲಿಗೆ ಹೋದದ್ದು ಸೆಪ್ಟೆಂಬರ್‌ನ ಒಂದು ಸಾಧಾರಣ ದಿನ. ಯಾವ ವಿಶೇಷವೂ ಇರಲಿಲ್ಲ. ಹಾಗಿದ್ದೂ ಏಳೂವರೆಗೆ ಕಮಾನಿನ ಕೆಳಗೆ ಇನ್ನೂರು ಮುನ್ನೂರು ಜನ ಸೇರಿದ್ದರು. ಇಂಗ್ಲೆಂಡಿನ ಯಾವುದೋ ಶಾಲೆಯ ಮಕ್ಕಳು ಸಮವಸ್ತ್ರದಲ್ಲಿದ್ದರು. ಒಂದು ಪಕ್ಕದಲ್ಲಿ ಹತ್ತು ಹನ್ನೆರಡು ಮಂದಿ ಮಾಜಿ ಸೈನಿಕರು. ಕಡುನೀಲಿ ಕೋಟು, ತಲೆಗೆ ಬೆರೆ ಟೋಪಿ, ಎದೆಯ ಮೇಲೆ ಪದಕಗಳ ಸಾಲು. ಕೋಟಿನ ಕಾಲರಿಗೆ ಕೆಂಪು ಕಾಗದದ ಗಸಗಸೆ ಹೂವು. ಯುದ್ಧದಲ್ಲಿ ಅಗೆದು ಹಾಳಾದ ಇಲ್ಲಿನ ನೆಲದಲ್ಲಿ ಮೊದಲು ಅರಳಿದ್ದು ಕಾಡು ಗಸಗಸೆ. ಕೆನಡಾದ ವೈದ್ಯ ಜಾನ್ ಮೆಕ್ರೇ 1915ರಲ್ಲಿ ಈಪರ್ ಬಳಿಯೇ ಬರೆದ ಕವನದಿಂದ ಅದು ಪ್ರಸಿದ್ಧವಾಯಿತು. 1921ರಿಂದ ಬ್ರಿಟನ್ನಿನಲ್ಲಿ ಮಾಜಿ ಸೈನಿಕರ ನೆರವಿಗಾಗಿ ಆ ಹೂವನ್ನು ಮಾರುತ್ತ ಬಂದಿದ್ದಾರೆ.

ವಾಹನಗಳ ಸದ್ದು ನಿಂತೊಡನೆ ಆ ಕಮಾನಿನ ಕೆಳಗೆ ಪಿಸುಮಾತು ಕೂಡ ದೊಡ್ಡದಾಗಿ ಕೇಳುತ್ತದೆ. ಎಂಟಾಗುತ್ತಲೇ ಕಹಳೆಯವರು ರಸ್ತೆಯ ನಡುವೆ ಬಂದು ನಿಂತರು. ಕಹಳೆಯ ದನಿ ಕಲ್ಲಿನ ಚಾವಣಿಗೆ ತಾಗಿ ಮರಳುವಾಗ ಎಲ್ಲ ಹೆಸರುಗಳ ಮೇಲೂ ಹಾದು ಬಂದಂತೆ ಅನಿಸಿತು. ಮೌನದ ಬಳಿಕ ಮಾಜಿ ಸೈನಿಕರಲ್ಲಿ ಹಿರಿಯರೊಬ್ಬರು ಊರುಗೋಲನ್ನು ಪಕ್ಕದವರ ಕೈಗೆ ಕೊಟ್ಟು, ಇಬ್ಬರು ಮಕ್ಕಳ ಜೊತೆ ನಿಧಾನವಾಗಿ ನಡೆದು ಹೋಗಿ ಹೂವಿನ ಚಕ್ರವನ್ನಿಟ್ಟರು. ಒಂದು ಹೆಜ್ಜೆ ಹಿಂದೆ ಸರಿದು ಸೆಲ್ಯೂಟ್ ಮಾಡಿದರು. ಭಾಷಣ ಇರಲಿಲ್ಲ. ಕೊನೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟುವುದು ಇಲ್ಲಿ ಪದ್ಧತಿಯಲ್ಲ.

ಮೊದಲ ಮಹಾಯುದ್ಧದಲ್ಲಿ ಕಾದಿದವರು ಯಾರೂ ಈಗ ಉಳಿದಿಲ್ಲ. ಪಾಶೆಂಡೇಲ್ ಕೆಸರಿನಲ್ಲಿ ಹೋರಾಡಿದ ಹ್ಯಾರಿ ಪ್ಯಾಚ್ 111ನೇ ವಯಸ್ಸಿನಲ್ಲಿ, 2009ರಲ್ಲಿ ತೀರಿಕೊಂಡರು. ನೂರು ವರ್ಷ ತುಂಬುವವರೆಗೆ ಅವರು ಯುದ್ಧದ ಬಗ್ಗೆ ಮಾತನ್ನೇ ಆಡಿರಲಿಲ್ಲ. ಇಂದು ಇಲ್ಲಿ ಪದಕ ಧರಿಸಿ ನಿಲ್ಲುವವರು ಬೇರೆ ಯುದ್ಧಗಳಿಂದ ಬಂದವರು. ತಾವು ಕಾಣದವರನ್ನು ಅವರು ನೆನೆಯುತ್ತಾರೆ. ಸೈನಿಕನನ್ನು ಸೈನಿಕ ನೆನೆಯುವುದರಲ್ಲಿ ನಮ್ಮಂಥ ನೋಡುಗರಿಗೆ ಪೂರ್ತಿ ದಕ್ಕದ ಏನೋ ಇದೆ.

ಎಲ್ಲರೂ ಇದನ್ನು ಮೆಚ್ಚಿದ್ದಾರೆಂದಲ್ಲ. ಆ ಯುದ್ಧದಲ್ಲಿ ಹೋರಾಡಿದ ಇಂಗ್ಲಿಷ್ ಕವಿ ಸೀಗ್‌ಫ್ರೀಡ್ ಸಸೂನ್ ಈ ಕಮಾನನ್ನೇ ಕಟುವಾಗಿ ಟೀಕಿಸಿ ಕವನ ಬರೆದರು. ಮಕ್ಕಳನ್ನು ಸಾಯಲು ಕಳಿಸಿದವರೇ ಅಮೃತಶಿಲೆಯ ಮಾತಾಡುವುದು ಅವರಿಗೆ ಸಹಿಸಲಿಲ್ಲ. ಊರಿನಿಂದ ಕೆಲವೇ ಕಿಲೋಮೀಟರ್ ದೂರದ ಲಾಂಗೆಮಾರ್ಕ್‌ನಲ್ಲಿ 44 ಸಾವಿರ ಜರ್ಮನ್ ಸೈನಿಕರು ಮಣ್ಣಾಗಿದ್ದಾರೆ. ಅವರೂ ತಾಯಂದಿರ ಮಕ್ಕಳೇ. ಸಂಜೆಯ ಸಮಾರಂಭದಲ್ಲಿ ಗೆಲುವಿನ ಮಾತು ಬಾರದಿರುವುದು ಒಳ್ಳೆಯದೇ.

ಗೋಡೆಯ ಮೇಲೆ ಸಿಂಗ್, ಖಾನ್, ಥಾಪಾ

ಜನ ಚದುರಿದ ಮೇಲೆ ಗೋಡೆಯನ್ನು ಓದುತ್ತ ಹೋದರೆ, ಸ್ಮಿತ್ ಮತ್ತು ಬ್ರೌನ್‌ಗಳ ಸಾಲುಗಳ ನಡುವೆ ಸಿಂಗ್, ಖಾನ್, ಥಾಪಾ ಎಂಬ ಹೆಸರುಗಳು ಎದುರಾಗುತ್ತವೆ. 47ನೇ ಸಿಖ್ಸ್, 40ನೇ ಪಠಾನ್ಸ್, 129ನೇ ಬಲೂಚೀಸ್, 57ನೇ ವೈಲ್ಡ್ಸ್ ರೈಫಲ್ಸ್. ಈ ಗೋಡೆಯಲ್ಲಿ ನಾನೂರಕ್ಕೂ ಹೆಚ್ಚು ಭಾರತೀಯ ಸೈನಿಕರ ಹೆಸರುಗಳಿವೆ. ಪಕ್ಕದ ಕೋಟೆಗೋಡೆಯ ಹಸಿರು ಇಳಿಜಾರಿನಲ್ಲಿ ಅಶೋಕನ ಸಿಂಹಗಳನ್ನು ಹೊತ್ತ ಒಂದು ಚಿಕ್ಕ ಸ್ಮಾರಕವೂ ಇದೆ.

ಅವರು ಇಲ್ಲಿಗೆ ಬಂದದ್ದು ಹೇಗೆ? 1914ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಕಾಯಂ ಸೈನ್ಯ ಚಿಕ್ಕದಾಗಿತ್ತು. ತರಬೇತಾಗಿ ಸಿದ್ಧವಾಗಿದ್ದ ದೊಡ್ಡ ಪಡೆ ಎಂದರೆ ಭಾರತದ್ದೇ. ಸೆಪ್ಟೆಂಬರ್ 26ರಂದು ಫ್ರಾನ್ಸಿನ ಮಾರ್ಸೇಲ್ ಬಂದರಿನಲ್ಲಿ ಭಾರತೀಯ ಸೈನಿಕರು ಹಡಗಿನಿಂದ ಇಳಿದರು. ಮೈಮೇಲೆ ಬಿಸಿಲು ನಾಡಿನ ತೆಳು ಖಾಕಿ. ಕೈಗೆ ಹೊಸ ಮಾದರಿಯ ಬಂದೂಕು ಬಂದದ್ದೂ ಅಲ್ಲಿಯೇ. ಒಂದು ತಿಂಗಳೊಳಗೆ ಅವರು ಈಪರ್‌ನ ಕಂದಕಗಳಲ್ಲಿದ್ದರು. ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ.

ಅಕ್ಟೋಬರ್ 31ರಂದು ಈಪರ್ ಬಳಿಯ ಹೋಲ್‌ಬೆಕೆ ಎಂಬಲ್ಲಿ 129ನೇ ಬಲೂಚೀಸ್ ಪಡೆಯ ಮೆಷಿನ್‌ಗನ್ ತಂಡದವರೆಲ್ಲ ಸತ್ತರು. ಒಬ್ಬ ಮಾತ್ರ ಗಾಯಗೊಂಡಿದ್ದರೂ ಗುಂಡು ಹಾರಿಸುತ್ತಲೇ ಇದ್ದ. ಶತ್ರುಗಳು ಅವನೂ ಸತ್ತನೆಂದು ಬಿಟ್ಟುಹೋದರು. ರಾತ್ರಿ ತೆವಳಿಕೊಂಡು ತನ್ನವರ ಬಳಿಗೆ ಬಂದ ಆ ಸಿಪಾಯಿ ಖುದಾದಾದ್ ಖಾನ್, ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸೈನಿಕ. ಆತನ ಊರು ಇಂದಿನ ಪಾಕಿಸ್ತಾನದ ಚಕವಾಲ್ ಸೀಮೆಯಲ್ಲಿದೆ. ಮರುವರ್ಷದ ಏಪ್ರಿಲ್ 26ರಂದು, ವಿಷಾನಿಲದ ದಾಳಿ ಆರಂಭವಾದ ನಾಲ್ಕೇ ದಿನಕ್ಕೆ, ಲಾಹೋರ್ ಡಿವಿಷನ್ನಿನ ಸೈನಿಕರು ಬಟಾಬಯಲಿನಲ್ಲಿ ಎದುರು ದಾಳಿಗೆ ನಡೆದರು. ಮುಖವಾಡಗಳಿರಲಿಲ್ಲ. ಒದ್ದೆ ಬಟ್ಟೆಯನ್ನು ಮೂಗು ಬಾಯಿಗೆ ಕಟ್ಟಿಕೊಂಡದ್ದಷ್ಟೇ ರಕ್ಷಣೆ. ಗೋಡೆಯ ಮೇಲಿನ ಭಾರತೀಯ ಹೆಸರುಗಳಲ್ಲಿ ಅನೇಕವು ಆ ದಿನಗಳವು.

ಇಡೀ ಯುದ್ಧದಲ್ಲಿ ಭಾರತದಿಂದ ಹೋದವರು 13 ಲಕ್ಷ. ಅವರಲ್ಲಿ ಸುಮಾರು 74 ಸಾವಿರ ಮಂದಿ ತೀರಿಕೊಂಡರು. ಯುದ್ಧಕ್ಕೆ ನೆರವಾದರೆ ಸ್ವಯಮಾಡಳಿತ ಸಿಗಬಹುದೆಂದು ಗಾಂಧೀಜಿಯೂ ಸೇರಿದಂತೆ ಅನೇಕ ನಾಯಕರು ನಂಬಿದ್ದರು. ಆದರೆ 1919ರಲ್ಲಿ ಬಂದದ್ದು ರೌಲತ್ ಕಾಯಿದೆ ಮತ್ತು ಜಲಿಯನ್‌ವಾಲಾ ಬಾಗ್. ಆ ಮೇಲೆ ಬ್ರಿಟಿಷರ ಪರವಾಗಿ ಕಾದಿ ಸತ್ತವರನ್ನು ನೆನೆಯುವ ಉತ್ಸಾಹ ಯಾರಿಗಿರಲು ಸಾಧ್ಯ? ಬ್ರಿಟನ್ನಿಗೆ ಅವರು ದೂರದ ವಸಾಹತಿನವರು; ಸ್ವತಂತ್ರ ಭಾರತಕ್ಕೆ ಪರಕೀಯರ ಸಂಬಳದ ಸಿಪಾಯಿಗಳು. ಎರಡೂ ಕಡೆಯವರ ನೆನಪಿನಿಂದ ಅವರು ಜಾರಿಹೋದರು.

ಹೆಸರಿಲ್ಲದೆ ಉಳಿದವರು

ಈಪರ್‌ನ ಗೋಡೆಯಲ್ಲಿ ಹೆಸರಿರುವ ಸಿಪಾಯಿಗಳು ಒಂದರ್ಥದಲ್ಲಿ ಅದೃಷ್ಟವಂತರು. ಸತ್ತ ಸೈನಿಕರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳಲು 1917ರಲ್ಲಿ ಬ್ರಿಟಿಷ್ ಸಾಮ್ರಾಜ್ಯ ಒಂದು ಆಯೋಗವನ್ನು ಸ್ಥಾಪಿಸಿತು. ಅದೇ ಇಂದಿನ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗ. ದರ್ಜೆ, ಜನಾಂಗ, ಧರ್ಮಗಳ ಭೇದವಿಲ್ಲದೆ ಎಲ್ಲರಿಗೂ ಸಮಾನ ಗೌರವ ಎಂಬುದು ಅದರ ಘೋಷಿತ ತತ್ವ. ಯೂರೋಪಿನಲ್ಲಿ ಬಹುಮಟ್ಟಿಗೆ ಅದು ಹಾಗೆಯೇ ನಡೆಯಿತು. ಫ್ರಾನ್ಸಿನ ನವ್ ಶಪೆಲ್‌ನಲ್ಲಿ 1927ರಲ್ಲಿ ಉದ್ಘಾಟನೆಯಾದ ಭಾರತೀಯರ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಹೆಸರುಗಳಿವೆ.

ಆದರೆ ಯೂರೋಪಿನ ಪ್ರವಾಸಿಗರು ಹೋಗದ ಕಡೆ ಈ ತತ್ವ ಸಡಿಲಾಯಿತು. ಭಾರತೀಯರು ಅತಿ ಹೆಚ್ಚು ಸಂಖ್ಯೆಯಲ್ಲಿ ಸತ್ತದ್ದು ಮೆಸೊಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ. ಅಲ್ಲಿನ ಬಸ್ರಾ ಸ್ಮಾರಕದಲ್ಲಿ 40 ಸಾವಿರಕ್ಕೂ ಹೆಚ್ಚು ಮಂದಿಯ ಸ್ಮರಣೆ ಇದೆ, ಹೆಚ್ಚಿನವರು ಭಾರತೀಯರು. ಬ್ರಿಟಿಷ್ ಸೈನಿಕರಿಗೆಲ್ಲ ಹೆಸರು ಕೆತ್ತಿದರು. ಭಾರತೀಯರಲ್ಲಿ ಅಧಿಕಾರಿಗಳ ಹೆಸರು ಮಾತ್ರ ಬಂತು. ಉಳಿದ ಸಿಪಾಯಿಗಳಿಗೆ, ಇಂಥ ಪಡೆಯ ಇಷ್ಟು ಮಂದಿ ಎಂದು ಒಂದು ಸಂಖ್ಯೆ. ಪೂರ್ವ ಆಫ್ರಿಕಾದಲ್ಲಿ ಹೊರೆಯಾಳುಗಳಾಗಿ ಸತ್ತ ಅಸಂಖ್ಯ ಆಫ್ರಿಕನ್ನರಿಗೆ ಆ ಸಂಖ್ಯೆಯೂ ಸಿಗಲಿಲ್ಲ.

2021ರ ಏಪ್ರಿಲ್‌ನಲ್ಲಿ ಆಯೋಗವೇ ನೇಮಿಸಿದ ಸಮಿತಿಯೊಂದು ಈ ಬಗ್ಗೆ ವರದಿ ಕೊಟ್ಟಿತು. ಆಫ್ರಿಕಾ, ಏಷ್ಯಾ ಮತ್ತು ಮಧ್ಯಪ್ರಾಚ್ಯ ಮೂಲದ 45 ಸಾವಿರದಿಂದ 54 ಸಾವಿರ ಮಂದಿಗೆ ಅಸಮಾನವಾದ ಸ್ಮರಣೆ ಸಿಕ್ಕಿದೆ. ಇನ್ನೂ ಕನಿಷ್ಠ 1,16,000 ಮಂದಿ, ಬಹುಶಃ ಮೂರೂವರೆ ಲಕ್ಷದವರೆಗೆ, ಹೆಸರಿನಿಂದ ಸ್ಮರಣೆ ಪಡೆದಿಲ್ಲ, ಪ್ರಾಯಶಃ ಸ್ಮರಣೆಯನ್ನೇ ಪಡೆದಿಲ್ಲ ಎಂಬುದು ಅದರ ಅಂದಾಜು. ಆಯೋಗ ಕ್ಷಮೆ ಕೇಳಿತು. ಆದರೆ ನೂರು ವರ್ಷದ ನಂತರ ಹೆಸರುಗಳನ್ನು ಹುಡುಕುವುದು ಸುಲಭವಲ್ಲ. ಹೇಳಬೇಕಾದ ಮಕ್ಕಳು, ಮೊಮ್ಮಕ್ಕಳೂ ಎಷ್ಟೋ ಕಡೆ ಇಲ್ಲ.

ನಮ್ಮ ವೀರಗಲ್ಲುಗಳ ನಾಡಿನಲ್ಲಿ

ಸತ್ತವನ ಹೆಸರನ್ನು ಕಲ್ಲಿನಲ್ಲಿ ಉಳಿಸುವುದು ಕನ್ನಡಿಗರಿಗೆ ಹೊಸದಲ್ಲ. ಐದನೇ ಶತಮಾನದ ಹಲ್ಮಿಡಿ ಶಾಸನವೇ ಯುದ್ಧದಲ್ಲಿ ಶೌರ್ಯ ತೋರಿದ ವಿಜ ಅರಸನಿಗೆ ಗ್ರಾಮಗಳನ್ನು ದಾನ ಕೊಟ್ಟ ದಾಖಲೆ. ತುರುಗಾಳಗದಲ್ಲಿ ದನಗಳನ್ನು ಬಿಡಿಸಲು ಹೋಗಿ ಮಡಿದ ಸಾಮಾನ್ಯನಿಗೂ ನಮ್ಮ ಹಳ್ಳಿಗಳಲ್ಲಿ ವೀರಗಲ್ಲು ನಿಲ್ಲಿಸಿದರು. ಅವನು ದೊಡ್ಡ ಪದವಿಯವನೇ ಎಂದು ಯಾರೂ ಕೇಳಲಿಲ್ಲ. ಊರಿಗಾಗಿ ಸತ್ತನೇ ಎಂದಷ್ಟೇ ನೋಡಿದರು.

ಮೊದಲ ಮಹಾಯುದ್ಧದಲ್ಲಿ ನಮ್ಮವರ ಹೆಸರು ಮುಖ್ಯವಾಗಿ ಕೇಳಿಬರುವುದು ಪ್ಯಾಲೆಸ್ತೀನಿನ ರಣರಂಗದಲ್ಲಿ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆ ಸವಾರರು ಮೆಷಿನ್‌ಗನ್ನುಗಳಿಗೆ ಎದುರಾಗಿ ಈಟಿ ಹಿಡಿದು ನುಗ್ಗಿ ಹೈಫಾ ಪಟ್ಟಣವನ್ನು ಗೆದ್ದರು. ಮೈಸೂರಿನವರು ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರನ್ನು ಹತ್ತಿ ಹೋದರು. ಇಂದಿಗೂ ಪ್ರತಿ ಸೆಪ್ಟೆಂಬರ್‌ನಲ್ಲಿ ಇಸ್ರೇಲಿನ ಹೈಫಾದ ಭಾರತೀಯ ಸ್ಮಶಾನದಲ್ಲಿ ಅವರ ಸ್ಮರಣೆ ನಡೆಯುತ್ತದೆ. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದ್ ಪಡೆಗಳ ನೆನಪಿನವು. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಲಾಯಿತು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿಯೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಅದರ ಪಕ್ಕದಲ್ಲಿ ದಿನವೂ ಓಡಾಡುವವರಲ್ಲಿ ಎಷ್ಟು ಮಂದಿ ನಿಂತು ಓದಿದ್ದಾರೆ?

ಈಪರ್‌ನಂತೆ ನಾವೂ ದಿನಾ ಕಹಳೆ ಊದಬೇಕೆಂದು ಹೇಳುತ್ತಿಲ್ಲ. ಒಂದೊಂದು ಊರಿಗೆ ಒಂದೊಂದು ರೀತಿ. ಆದರೆ ಆ ಊರಿನವರು ತೋರಿಸಿಕೊಟ್ಟಿರುವ ಒಂದು ಸಂಗತಿ ಗಮನಿಸುವಂಥದ್ದು. ನೆನಪು ಉಳಿಯುವುದು ದೊಡ್ಡ ಕಟ್ಟಡದಿಂದಲ್ಲ. ದೀಪ ಹಚ್ಚಿದಂತೆ, ರಂಗೋಲಿ ಹಾಕಿದಂತೆ, ಯಾರೋ ಒಬ್ಬರು ಅದನ್ನು ತಮ್ಮ ನಿತ್ಯದ ಕೆಲಸವೆಂದು ವಹಿಸಿಕೊಳ್ಳುವುದರಿಂದ. ಮತ್ತು ಅದಕ್ಕೆ ಹಿಡಿದುಕೊಳ್ಳಲು ಒಂದು ಹೆಸರು ಬೇಕು. ಬಸ್ರಾದ ಸ್ಮಾರಕದ ಮುಂದೆ ಒಬ್ಬ ಮೊಮ್ಮಗ ನಿಂತರೆ ಬೆರಳಿಟ್ಟು ತೋರಿಸಲು ಅವನಿಗೆ ಹೆಸರಿಲ್ಲ, ಒಂದು ಅಂಕಿ ಇದೆ.

ಯುದ್ಧ ಸಮಾಧಿಗಳ ಆಯೋಗದ ದಾಖಲೆಗಳನ್ನು ಈಗ ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಮನೆಯಲ್ಲಿ ಹಳೆಯ ಪದಕವೋ, ಟ್ರಂಕಿನ ತಳದಲ್ಲಿ ಒಂದು ಕಾಗದವೋ, ‘ಮುತ್ತಾತ ಬಸ್ರಾಕ್ಕೆ ಹೋದವರು ಬರಲಿಲ್ಲ’ ಎಂಬ ಅಜ್ಜಿಯ ಮಾತೋ ಇದ್ದವರು ಒಮ್ಮೆ ಹುಡುಕಿ ನೋಡಬಹುದು. ಅವರ ಹೆಸರು, ಊರು, ತಂದೆಯ ಹೆಸರು ಇವನ್ನು ತಿಳಿದವರು ಇನ್ನೂ ಇರುವಾಗಲೇ ಬರೆದಿಡಬಹುದು. ಕಲ್ಲಿನಲ್ಲಿ ಕೆತ್ತುವ ಕೆಲಸ ಆಮೇಲಿನದು.